ನಾಮ್ಚೆಯಲ್ಲಿ ಎರಡನೇ ರಾತ್ರಿ ಏಕೆ ಬೇಕು?

ಪ್ರಶ್ನೆ: ನಾವು ಬೆಂಗಳೂರಿನ ನಾಲ್ವರು ಗೆಳೆಯರು, ನಲವತ್ತು ದಾಟಿದವರು, ಅಕ್ಟೋಬರ್‌ನಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದೇವೆ. ವಾರಕ್ಕೊಮ್ಮೆ ಬೆಟ್ಟ ಹತ್ತಿ, ಕುಮಾರಪರ್ವತವನ್ನೂ ಮುಗಿಸಿ ತಯಾರಾಗಿದ್ದೇವೆ. ಕಾರ್ಯಕ್ರಮಪಟ್ಟಿಯಲ್ಲಿ ನಾಮ್ಚೆ ಬಜಾರ್‌ನಲ್ಲಿ ಒಂದು, ಡಿಂಗ್‌ಬೋಚೆಯಲ್ಲಿ ಒಂದು ‘ಅಕ್ಲಿಮಟೈಸೇಶನ್ ದಿನ’, ಅಂದರೆ ದೇಹ ಎತ್ತರಕ್ಕೆ ಒಗ್ಗಲು ಬಿಟ್ಟ ದಿನ, ಇದೆ. ವಿಶ್ರಾಂತಿ ಎಂದುಕೊಂಡರೆ ಅಂದೂ ನಾಲ್ಕೈದು ಗಂಟೆ ಹತ್ತಿಸುತ್ತಾರಂತೆ. ರಜೆ ಕಡಿಮೆ ಇದೆ. ಎರಡರಲ್ಲಿ ಒಂದನ್ನು ಕೈಬಿಡಬಹುದೇ? ಎತ್ತರದ ಕಾಯಿಲೆ ತಡೆಯುವ ಡಯಮಾಕ್ಸ್ ಮಾತ್ರೆ ತೆಗೆದುಕೊಂಡರೆ ಆ ದಿನ ಉಳಿಯುವುದಿಲ್ಲವೇ? ನಮ್ಮಲ್ಲೊಬ್ಬರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರು ಬರಬಹುದೇ?

ಉತ್ತರ: ಎರಡರಲ್ಲಿ ಯಾವುದನ್ನೂ ಕೈಬಿಡಬಾರದು. ಆ ದಿನವನ್ನು ನೀವು ವಿಶ್ರಾಂತಿಯ ದಿನವೆಂದುಕೊಂಡಿರಿ, ಕರೆದೊಯ್ಯುವವರು ಹತ್ತುವ ದಿನವೆಂದರು. ನನ್ನ ಎಣಿಕೆಯಲ್ಲಿ ಎರಡೂ ಅರ್ಧ ಮಾತ್ರ ನಿಜ. ಆ ದಿನದ ತಿರುಳು ಹಗಲಿನ ನಡಿಗೆಯಲ್ಲಿಲ್ಲ, ಒಂದೇ ಎತ್ತರದಲ್ಲಿ ಕಳೆಯುವ ಎರಡನೇ ರಾತ್ರಿಯಲ್ಲಿದೆ. ಪರ್ವತ ವೈದ್ಯಕೀಯದ ಮಾರ್ಗಸೂಚಿಗಳು ಲೆಕ್ಕ ಹಾಕುವುದೂ ಹಗಲಲ್ಲಿ ಮುಟ್ಟಿದ ಎತ್ತರವನ್ನಲ್ಲ, ರಾತ್ರಿ ಮಲಗಿದ ಎತ್ತರವನ್ನು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಯಿಂದ ಮರುರಾತ್ರಿಗೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಇಂದು ಎಲ್ಲರೂ ಒಪ್ಪಿರುವ ಸೂತ್ರ.

ಇದನ್ನು ನಿಮ್ಮ ಹಾದಿಗೆ ಹಚ್ಚಿ ನೋಡೋಣ. ಲುಕ್ಲಾದಲ್ಲಿ ವಿಮಾನ ಇಳಿದು ಮೊದಲ ರಾತ್ರಿ ಸುಮಾರು 2,610 ಮೀಟರ್ ಎತ್ತರದ ಫಾಕ್‌ಡಿಂಗ್‌ನಲ್ಲಿ ಮಲಗುತ್ತೀರಿ. ಮರುದಿನ ದೂಧಕೋಸಿ ನದಿಯ ಮೇಲಿನ ಎತ್ತರದ ತೂಗುಸೇತುವೆ ದಾಟಿ, ಅಲ್ಲಿಂದ ಒಂದೇ ಸಮನೆ ಏರುವ ಕಾಡುಹಾದಿಯಲ್ಲಿ ನಡೆದು 3,440 ಮೀಟರಿನ ನಾಮ್ಚೆ ಸೇರುತ್ತೀರಿ. ಮಲಗುವ ಎತ್ತರ ಒಂದೇ ದಿನದಲ್ಲಿ 800 ಮೀಟರಿಗೂ ಮಿಕ್ಕಿ ಏರಿತು. ಸೂತ್ರವನ್ನು ಇಲ್ಲಿ ಆಗಲೇ ಮೀರಿದ್ದೀರಿ. ಎರಡನೇ ರಾತ್ರಿ ಆ ಸಾಲವನ್ನು ತೀರಿಸುತ್ತದೆ. ಮುಂದೆ ತೆಂಗ್‌ಬೋಚೆ 3,860, ಡಿಂಗ್‌ಬೋಚೆ 4,410, ಲೋಬುಚೆ ಸುಮಾರು 4,940, ಗೋರಕ್‌ಶೆಪ್ ಸುಮಾರು 5,160. ಡಿಂಗ್‌ಬೋಚೆಯ ಎರಡನೇ ರಾತ್ರಿಯನ್ನು ತೆಗೆದುಹಾಕಿದರೆ ನಾಮ್ಚೆಯಿಂದ ಲೋಬುಚೆಯವರೆಗಿನ 1,500 ಮೀಟರನ್ನು ನಡುವೆ ಎಲ್ಲೂ ನಿಲ್ಲದೆ ಮೂರೇ ದಿನದಲ್ಲಿ ಏರಿದಂತಾಗುತ್ತದೆ, ಅದೂ ಗಾಳಿ ಅತ್ಯಂತ ತೆಳುವಾಗುವ ಭಾಗದಲ್ಲಿ. ಒಂದನ್ನು ಬಿಡಲೇಬೇಕೆಂದು ಯಾರಾದರೂ ಹಟ ಹಿಡಿದರೂ ಡಿಂಗ್‌ಬೋಚೆಯದನ್ನು ಮುಟ್ಟಬೇಡಿ.

ಅಷ್ಟು ಎತ್ತರದಲ್ಲಿ ಆಮ್ಲಜನಕ ‘ಕಡಿಮೆ’ ಎನ್ನುವುದು ವಾಡಿಕೆ. ವಾಸ್ತವದಲ್ಲಿ ಗಾಳಿಯಲ್ಲಿ ಅದರ ಪಾಲು ಎಲ್ಲೆಡೆ ಶೇಕಡ 21ರಷ್ಟೇ ಇರುತ್ತದೆ, ಕುಸಿಯುವುದು ಗಾಳಿಯ ಒತ್ತಡ. ಬೆಂಗಳೂರಿನಲ್ಲಿ ಆ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 90ರಷ್ಟಿದ್ದರೆ, ನಾಮ್ಚೆಯಲ್ಲಿ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. 5,364 ಮೀಟರಿನ ಬೇಸ್ ಕ್ಯಾಂಪಿನಲ್ಲಿ ಉಳಿಯುವುದು ಅರ್ಧಕ್ಕಿಂತ ತುಸುವೇ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿದುದನ್ನು ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳು ಕವಲೊಡೆಯುವಲ್ಲಿರುವ ಸಣ್ಣ ಸಂವೇದಕಗಳು ಕೂಡಲೇ ಗುರುತಿಸಿ, ಉಸಿರಾಟವನ್ನು ಹೆಚ್ಚಿಸುವಂತೆ ಮಿದುಳಿಗೆ ಸೂಚಿಸುತ್ತವೆ. ಆದರೆ ಉಸಿರು ಹೆಚ್ಚಿದಂತೆ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಹಾಗಾದೊಡನೆ ಮಿದುಳು ಉಸಿರಾಟವನ್ನು ತಗ್ಗಿಸಲು ಹೊರಡುತ್ತದೆ. ಮೊದಲ ರಾತ್ರಿಯ ದೇಹ ಒಂದು ಕಾಲಲ್ಲಿ ಆಕ್ಸಲರೇಟರ್, ಇನ್ನೊಂದು ಕಾಲಲ್ಲಿ ಬ್ರೇಕ್ ಒತ್ತಿಕೊಂಡ ವಾಹನದಂತಿರುತ್ತದೆ. ಈ ಬ್ರೇಕನ್ನು ಸಡಿಲಿಸುವ ಕೆಲಸ ಮೂತ್ರಪಿಂಡಗಳದು: ಅವು ರಕ್ತದಲ್ಲಿರುವ ಕ್ಷಾರೀಯ ಅಂಶವಾದ ಬೈಕಾರ್ಬನೇಟನ್ನು ಮೂತ್ರದ ಮೂಲಕ ಹೊರಹಾಕಿ ರಕ್ತವನ್ನು ಮತ್ತೆ ಸಮಸ್ಥಿತಿಯತ್ತ ತರುತ್ತವೆ. ಅವಸರಕ್ಕೆ ಬಗ್ಗದ ಈ ಕೆಲಸಕ್ಕೆ ಒಂದೆರಡು ದಿನವಾದರೂ ಬೇಕು. ಮಧ್ಯರಾತ್ರಿಯ ಕೊರೆಯುವ ಚಳಿಯಲ್ಲಿ ಸ್ಲೀಪಿಂಗ್ ಬ್ಯಾಗಿನಿಂದ ಎದ್ದು ಎರಡು ಸಲ ಶೌಚಾಲಯಕ್ಕೆ ಹೋಗಬೇಕಾಗಿ ಬಂದರೆ ಬೇಸರಿಸಿಕೊಳ್ಳಬೇಡಿ, ದೇಹ ಕೆಲಸ ಆರಂಭಿಸಿದೆ ಎಂದು ಅರ್ಥ. ಕೆಂಪು ರಕ್ತಕಣಗಳು ಹೆಚ್ಚುವುದರಿಂದಲೇ ಎತ್ತರಕ್ಕೆ ಒಗ್ಗುತ್ತೇವೆ ಎಂದು ಅನೇಕರು ತಿಳಿದಿದ್ದಾರೆ. ಅದಕ್ಕೆ ವಾರಗಳೇ ಬೇಕು, ನಿಮ್ಮ ಹನ್ನೆರಡು ದಿನದ ಚಾರಣದಲ್ಲಿ ಅದರ ಪಾಲು ಅಲ್ಪ.

ನಿಮ್ಮ ತಯಾರಿಯ ಬಗ್ಗೆಯೂ ಒಂದು ಮಾತು. ಕುಮಾರಪರ್ವತ ಹತ್ತಿಳಿದ ಕಾಲುಗಳು ಎವರೆಸ್ಟ್ ಹಾದಿಯಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತವೆ, ಅಲ್ಲಿಯ ಯಾವ ದಿನವೂ ಕುಕ್ಕೆಯಿಂದ ಶಿಖರದವರೆಗಿನ ಏರಿನಷ್ಟು ಕಡಿದಾಗಿಲ್ಲ. ಆದರೆ ಕಾಲಿನ ಬಲಕ್ಕೂ ಎತ್ತರಕ್ಕೆ ಒಗ್ಗುವುದಕ್ಕೂ ಸಂಬಂಧವಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು 2,500 ಮೀಟರಿನ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹೀಗಾಗಿ ಊರಿನಲ್ಲಿದ್ದು ಎಷ್ಟೇ ಬೆಟ್ಟ ಹತ್ತಿದರೂ ಈ ಒಂದು ಪರೀಕ್ಷೆಗೆ ತಯಾರಾಗಲು ಸಾಧ್ಯವಿಲ್ಲ. ಗಟ್ಟಿಗರೇ ವೇಗವಾಗಿ ಏರಿ ಮೊದಲು ಮಲಗುವುದೂ ಉಂಟು. ನಿಮ್ಮ ನಾಲ್ವರಲ್ಲಿ ಯಾರಿಗೆ ತೊಂದರೆಯಾಗಬಹುದೆಂದು ಊಹಿಸಲು ಇರುವ ಒಂದೇ ವಿಶ್ವಾಸಾರ್ಹ ಸುಳಿವು ಹಿಂದಿನ ಅನುಭವ: ಲೇಹ್‌ಗೋ ಕೇದಾರಕ್ಕೋ ಹೋದಾಗ ತಲೆನೋವು, ವಾಂತಿಯಿಂದ ಬಳಲಿದವರು ಇದ್ದರೆ ಈಗಲೇ ಉಳಿದವರಿಗೆ ತಿಳಿಸಲಿ.

ಈ ತಿಳಿವಳಿಕೆಯಲ್ಲಿ ನಮ್ಮ ದೇಶದ ಸೈನಿಕರ ಕಷ್ಟದ ಪಾಲು ದೊಡ್ಡದು ಎಂಬುದನ್ನು ಇಲ್ಲಿ ನೆನೆಯಬೇಕು. 1962ರ ಯುದ್ಧದ ಸುಮಾರಿಗೆ ಬಯಲುಸೀಮೆಯ ಪಡೆಗಳನ್ನು ನೇರವಾಗಿ ಹಿಮಾಲಯದ ಎತ್ತರಕ್ಕೆ ಒಯ್ದಾಗ ಬಹಳ ಮಂದಿ ಕಾಯಿಲೆ ಬಿದ್ದರು, ಡಾ. ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಮೂಲ ಆಧಾರಗಳಲ್ಲಿ ಒಂದು. ಭಾರತೀಯ ಸೇನೆ ಸುಮಾರು 2,700ರಿಂದ 3,600 ಮೀಟರಿನ ನಡುವೆ ಆರು ದಿನ, ಅಲ್ಲಿಂದ 4,500ರವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ ಹೊಂದಿಕೊಳ್ಳಲು ಕೊಡುತ್ತದೆ. ದಿನವೂ ಕವಾಯತು ಮಾಡುವ ಯುವಕರಿಗೇ ಇಷ್ಟು ದಿನ ಬೇಕೆಂದರೆ ನಿಮ್ಮ ಪಟ್ಟಿಯಲ್ಲಿರುವ ಎರಡು ದಿನ ಧಾರಾಳವಲ್ಲ, ಕನಿಷ್ಠ.

ಈಗ ನಾಮ್ಚೆಯ ಆ ದಿನಕ್ಕೆ ಬರೋಣ. ಬೆಳಗಿನ ಹೊತ್ತು ಲಾಡ್ಜಿನ ಊಟದ ಕೋಣೆಯಲ್ಲಿ ಒಲೆಯ ಸುತ್ತ ಕುಳಿತವರ ನಡುವೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾವಾರು ತೋರಿಸುವ ಪಲ್ಸ್ ಆಕ್ಸಿಮೀಟರ್ ಕೈಯಿಂದ ಕೈಗೆ ದಾಟುವುದನ್ನು ನೀವು ನೋಡುವಿರಿ. ಒಬ್ಬರಿಗೆ 91 ಬಂದರೆ ಬೀಗುತ್ತಾರೆ, ಪಕ್ಕದವರಿಗೆ 84 ಬಂದರೆ ಮುಖ ಬಾಡುತ್ತದೆ, ಎದ್ದವರೇ ತಣ್ಣೀರಲ್ಲಿ ಕೈ ತೊಳೆದು ಬಂದವರ ಬೆರಳಿಗೆ ಸಿಕ್ಕಿಸಿದಾಗ 76 ತೋರಿಸಿ ಇಡೀ ಮೇಜು ಗಾಬರಿಯಾಗುತ್ತದೆ. ಬೆರಳು ತಣ್ಣಗಿದ್ದರೆ ಆ ಉಪಕರಣ ಹೇಳುವುದನ್ನು ನಂಬುವಂತಿಲ್ಲ. ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಸುಮ್ಮನೆ ಕುಳಿತು, ಅಂಕಿ ಸ್ಥಿರವಾದ ಮೇಲೆ ಓದಬೇಕು. ನಾಮ್ಚೆಯಲ್ಲಿ 85ರಿಂದ 92ರ ಆಸುಪಾಸು ಇರುವುದು ಸಾಮಾನ್ಯ. ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ, ತಮ್ಮದೇ ಅಂಕಿ ನಿನ್ನೆಗಿಂತ ಇಂದು ಹೇಗಿದೆ ಎಂಬುದರಿಂದ ಅಷ್ಟಿಷ್ಟು ತಿಳಿಯುತ್ತದೆ. ಅಂಕಿ ಚೆನ್ನಾಗಿದ್ದೂ ತಲೆ ಸಿಡಿಯುತ್ತಿದ್ದರೆ ನಂಬಬೇಕಾದ್ದು ತಲೆಯನ್ನೇ.

ಆ ಬೆಳಗಿನ ನಿಜವಾದ ಉಪಯೋಗ ಬೇರೆ. ಎತ್ತರದ ಕಾಯಿಲೆ ಹೊಸ ಎತ್ತರಕ್ಕೆ ಬಂದ ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಬಹುಮಟ್ಟಿಗೆ ಮೊದಲ ರಾತ್ರಿ ಅಥವಾ ಮರುಬೆಳಗ್ಗೆ, ತಲೆನೋವಿನಿಂದ ಆರಂಭವಾಗುತ್ತದೆ. ಆ ಹೊತ್ತಿಗೆ ನೀವು ಚೀಲ ಏರಿಸಿಕೊಂಡು ತೆಂಗ್‌ಬೋಚೆಗೆ ಹೊರಟುಬಿಟ್ಟಿದ್ದರೆ, ಕಾಯಿಲೆಯನ್ನು ಗುರುತಿಸುವ ಮೊದಲೇ ಅದನ್ನು ಇನ್ನೂ ಎತ್ತರಕ್ಕೆ ಹೊತ್ತೊಯ್ದಂತಾಗುತ್ತದೆ. ಆದ್ದರಿಂದ ತಿಂಡಿಗೆ ಮುನ್ನ ನಾಲ್ವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ತಲೆನೋವಿದೆಯೇ, ಹೊಟ್ಟೆ ತೊಳೆಸುತ್ತಿದೆಯೇ, ಅಸಹಜ ಸುಸ್ತಿದೆಯೇ, ತಲೆ ಸುತ್ತುತ್ತಿದೆಯೇ. ವೈದ್ಯರು ಬಳಸುವ ಲೇಕ್ ಲೂಯಿಸ್ ಅಂಕಪಟ್ಟಿಯಲ್ಲಿರುವುದೂ ಈ ನಾಲ್ಕೇ. ನಿದ್ದೆ ಕೆಡುವುದೂ ಮೊದಲು ಅದರಲ್ಲಿತ್ತು, 2018ರ ಪರಿಷ್ಕರಣೆಯಲ್ಲಿ ಕೈಬಿಟ್ಟರು. ಎತ್ತರದಲ್ಲಿ ಎಲ್ಲರ ನಿದ್ದೆಯೂ ಕೆಡುತ್ತದೆ. ಕೋಣೆಯ ಸಂಗಾತಿಯ ಉಸಿರು ಹತ್ತು ಸೆಕೆಂಡು ನಿಂತಂತಾಗಿ ಮತ್ತೆ ದೊಡ್ಡದಾಗಿ ಎಳೆದುಕೊಳ್ಳುವುದನ್ನು ಕೇಳಿ ನೀವು ಬೆಚ್ಚಿ ಎದ್ದರೂ ಆಶ್ಚರ್ಯವಿಲ್ಲ. ಮೇಲೆ ಹೇಳಿದ ಆಕ್ಸಲರೇಟರ್–ಬ್ರೇಕುಗಳ ಜಗ್ಗಾಟವೇ ಅದು, ಅದೊಂದರಿಂದಲೇ ಅಪಾಯವಿಲ್ಲ.

ತಲೆನೋವಿಲ್ಲದವರು ಹೊರಡಬಹುದು. ಊರಿನ ಮೇಲ್ಬದಿಯ ಛೋರ್ಕುಂಗ್‌ನಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ವಸ್ತುಸಂಗ್ರಹಾಲಯವಿದೆ. ಬೆಳಗಿನ ತಿಳಿ ಆಕಾಶವಿದ್ದರೆ ಅಲ್ಲಿಂದಲೇ ಎವರೆಸ್ಟ್, ಲೋತ್ಸೆ, ಅಮಾ ದಬ್ಲಂ ಕಾಣುತ್ತವೆ. ಅಲ್ಲಿಂದ ಶಾಂಗ್‌ಬೋಚೆಯ ಮಣ್ಣಿನ ವಿಮಾನಪಟ್ಟಿಯವರೆಗೆ ದಾರಿ ಕಡಿದು, ಆಮೇಲೆ 3,880 ಮೀಟರಿನ ಎವರೆಸ್ಟ್ ವ್ಯೂ ಹೋಟೆಲಿನವರೆಗೆ ಏರು ಸೌಮ್ಯ. ಶುಂಠಿ ಚಹಾ ಕುಡಿದು ಖುಂಜುಂಗ್ ಹಳ್ಳಿಗೆ ಇಳಿದರೆ ಎಡ್ಮಂಡ್ ಹಿಲರಿ 1961ರಲ್ಲಿ ಕಟ್ಟಿಸಿದ ಶಾಲೆ, ಪಕ್ಕದ ಖುಂಡೆಯಲ್ಲಿ 1966ರಲ್ಲಿ ಆರಂಭವಾದ ಆಸ್ಪತ್ರೆ ಸಿಗುತ್ತವೆ. ಎಲ್ಲ ಸುತ್ತಿ ಮಧ್ಯಾಹ್ನಕ್ಕೆ ನಾಮ್ಚೆಗೆ ಮರಳಿ ದಾಲ್‌ಭಾತ್ ಉಣ್ಣಬಹುದು. ಒಟ್ಟು ಏರು ಸುಮಾರು 440 ಮೀಟರ್. ‘ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು’ ಎಂಬ ಹಳೆಯ ಮಾತಿನ ಆಧಾರದ ಮೇಲೆ ಈ ಸುತ್ತು ರೂಢಿಗೆ ಬಂದಿದೆ. ಕೆಲವು ಗಂಟೆ ಇನ್ನೂ ತೆಳು ಗಾಳಿಯಲ್ಲಿ ಇರುವುದರಿಂದ ತುಸು ಲಾಭವಿರಬಹುದು, ನಡೆದವರಿಗೆ ಹಸಿವೂ ನಿದ್ದೆಯೂ ಚೆನ್ನಾಗಿ ಬರುವುದಂತೂ ಖಂಡಿತ. ಆದರೆ ಎರಡನೇ ರಾತ್ರಿಯಷ್ಟು ಬಲವಾದ ಆಧಾರ ಈ ನಡಿಗೆಗೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಂದು ಏದುಸಿರು ಬಿಡುತ್ತ ಸ್ಪರ್ಧೆಗೆ ಬಿದ್ದವರಂತೆ ಹತ್ತುವುದು ಶುದ್ಧ ನಷ್ಟ. ನಡೆಯುತ್ತಲೇ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಸಿಕ್ಕಿಕೊಳ್ಳದೆ ಹೇಳಲು ಆಗುವಷ್ಟೇ ವೇಗ ಸಾಕು. ತಲೆನೋವಿರುವವರು ನಾಮ್ಚೆಯಲ್ಲೇ ಉಳಿದು ಬೀದಿ ಸುತ್ತಿದರೆ ಅವರಿಗೇನೂ ನಷ್ಟವಿಲ್ಲ. ಶನಿವಾರವಾಗಿದ್ದರೆ ಸಂತೆಯೂ ಇರುತ್ತದೆ.

ಮಧ್ಯಾಹ್ನದ ನಂತರ ಮಾಡಬೇಕಾದ್ದು ಕಡಿಮೆ. ಹಗಲು ನಿದ್ದೆ ಬೇಡ. ಮೂತ್ರ ತಿಳಿಯಾಗಿರುವಷ್ಟು ನೀರು ಕುಡಿಯಿರಿ, ದಿನಕ್ಕೆ ಮೂರು ಲೀಟರ್ ಆಸುಪಾಸು ಸಾಕು. ಆರು ಏಳು ಲೀಟರ್ ಕುಡಿದರೆ ಕಾಯಿಲೆ ಬಾರದು ಎಂಬ ಸಲಹೆ ರಕ್ತದ ಸೋಡಿಯಂ ಇಳಿಸಿ ಬೇರೆಯೇ ತೊಂದರೆ ತರಬಲ್ಲದು. ಬೆಳ್ಳುಳ್ಳಿ ಸೂಪನ್ನು ಪ್ರತಿ ಗೈಡೂ ಶಿಫಾರಸು ಮಾಡುತ್ತಾರೆ, ಬಿಸಿಯೂ ಉಪ್ಪೂ ಇರುವ ಕಾರಣಕ್ಕೆ ಅದು ಒಳ್ಳೆಯದೇ, ಔಷಧ ಮಾತ್ರ ಅಲ್ಲ. ನಾಮ್ಚೆಯಲ್ಲಿ ಬೇಕರಿ, ಕಾಫಿ ಅಂಗಡಿಗಳ ಜೊತೆಗೆ ಬಾರ್‌ಗಳೂ ಇವೆ. ಅವನ್ನು ಇಳಿದು ಬರುವಾಗ ನೋಡಿಕೊಳ್ಳಬಹುದು. ಮದ್ಯವೂ ನಿದ್ದೆಮಾತ್ರೆಯೂ ರಾತ್ರಿಯ ಉಸಿರಾಟವನ್ನು ತಗ್ಗಿಸುತ್ತವೆ, ದೇಹ ಎರಡು ದಿನದಿಂದ ಹೆಣಗಿ ಗಳಿಸಿದ್ದನ್ನು ಒಂದೇ ಸಂಜೆಯಲ್ಲಿ ಹಿಂದಕ್ಕೆ ಎಳೆಯುತ್ತವೆ.

ಎತ್ತರದಲ್ಲಿ ಬಂದ ತಲೆನೋವು, ಬೇರೆ ಕಾರಣ ಸ್ಪಷ್ಟವಾಗುವವರೆಗೆ, ಎತ್ತರದ್ದೇ ಎಂದು ತಿಳಿಯಬೇಕು. ಲಕ್ಷಣ ಇರುವವರೆಗೆ ಮೇಲಿನ ಊರಿಗೆ ಹೋಗಿ ಮಲಗಬಾರದು, ಇದ್ದಲ್ಲೇ ಉಳಿದೂ ಹೆಚ್ಚುತ್ತಿದ್ದರೆ ಇಳಿಯಬೇಕು. ಎರಡು ಸ್ಥಿತಿಗಳಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೊದಲನೆಯದು ಮಿದುಳು ಊದಿಕೊಳ್ಳುವುದು: ಲಾಡ್ಜಿನ ನೆಲಹಲಗೆಯ ಒಂದು ಗೆರೆ ಹಿಡಿದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯಲು ಹೇಳಿ, ಚೆನ್ನಾಗಿದ್ದವರು ಹೊಯ್ದಾಡಿದರೆ, ಮಾತು ತಡವರಿಸಿದರೆ, ಕಾರಣವಿಲ್ಲದೆ ಮಂಕಾದರೆ ಅದು ತುರ್ತು. ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ. ಇದು ಹೆಚ್ಚಾಗಿ ಹೊಸ ಎತ್ತರದ ಎರಡನೇ ರಾತ್ರಿ ಅಥವಾ ಅದರ ನಂತರ ಕಾಣಿಸಿಕೊಳ್ಳುತ್ತದೆ, ತಲೆನೋವೇ ಇಲ್ಲದೆಯೂ ಬರಬಹುದು. ಎರಡಕ್ಕೂ ಮದ್ದು ಇಳಿಯುವುದೇ. ಆಮ್ಲಜನಕ, ಡೆಕ್ಸಾಮೆಥಸೋನ್, ನಿಫೆಡಿಪಿನ್ ಎಂಬ ಔಷಧಗಳು ಎಲ್ಲ ಇಳಿಯುವವರೆಗಿನ ಆಸರೆ. ನಿಮ್ಮ ಸಾಮಾನು ಹೊರುವ ಪೋರ್ಟರುಗಳನ್ನೂ ಇದೇ ಕಣ್ಣಿನಿಂದ ನೋಡಿ. ತಲೆಮಾರುಗಳಿಂದ ಎತ್ತರದಲ್ಲೇ ಬದುಕಿದ ಶೇರ್ಪಾಗಳ ದೇಹ ವಂಶವಾಹಿಯ ಮಟ್ಟದಲ್ಲೇ ಅದಕ್ಕೆ ಹೊಂದಿಕೊಂಡಿದೆ, ಆದರೆ ಹೊರೆ ಹೊರುವವರಲ್ಲಿ ಬಹಳ ಮಂದಿ ಕೆಳಗಿನ ಗುಡ್ಡಗಾಡಿನ ರೈ, ತಮಾಂಗ್, ಮಗರ್ ಸಮುದಾಯದವರು. ನಿಮಗೆ ಬರುವ ಕಾಯಿಲೆ ಅವರಿಗೂ ಬರುತ್ತದೆ. ಕೂಲಿ ಹೋದೀತೆಂದು ಬಾಯಿಬಿಡುವುದಿಲ್ಲ, ಅಷ್ಟೇ.

ಡಿಂಗ್‌ಬೋಚೆಯ ದಿನವೂ ಹೀಗೆಯೇ, ಗಾಳಿ ಇನ್ನೂ ತೆಳು. ಅಲ್ಲಿ ಊರ ಹಿಂದಿನ ನಂಗ್‌ಕರ್‌ಶಾಂಗ್ ಗುಡ್ಡ ಹತ್ತಿಸುತ್ತಾರೆ. ಅದರ ತುದಿ 5,000 ಮೀಟರ್ ದಾಟುತ್ತದೆ, ಬಹಳ ಮಂದಿ ಹಟಕ್ಕೆ ಬಿದ್ದು ತುದಿಗೆ ಹೋಗಿ ಸಂಜೆ ತಲೆ ಹಿಡಿದುಕೊಂಡು ಮಲಗುತ್ತಾರೆ. 4,700 ಮೀಟರಿನವರೆಗೆ ಹೋಗಿ, ಅಮಾ ದಬ್ಲಂ ನೋಡಿ, ಇಳಿದರೆ ಧಾರಾಳ. ನನ್ನ ಆಯ್ಕೆ ಬೇರೆಯೇ: ದಿಬ್ಬ ದಾಟಿ ಸುಮಾರು ಅರ್ಧ ಗಂಟೆ ನಡೆದರೆ ಪಕ್ಕದ ಕಣಿವೆಯಲ್ಲಿ ಫೆರಿಚೆ ಇದೆ, ಅಲ್ಲಿ 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯ ಚಾರಣದ ಋತುಗಳಲ್ಲಿ ತೆರೆದಿರುತ್ತದೆ, ಅಲ್ಲಿಯ ವೈದ್ಯರು ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ಉಪನ್ಯಾಸ ಕೊಡುತ್ತಾರೆ. ಗುಡ್ಡದ ತುದಿಗಿಂತ ಅದು ಹೆಚ್ಚು ಉಪಯುಕ್ತ. ಕೇಳುತ್ತಿರುವಾಗಲೇ ‘ಇದು ನನಗೂ ಇದೆಯಲ್ಲ’ ಎಂದು ಯಾರಿಗಾದರೂ ಅನ್ನಿಸಿದರೆ ತೋರಿಸಲು ವೈದ್ಯರು ಎದುರಿಗೇ ಇರುತ್ತಾರೆ.

ಡಯಮಾಕ್ಸ್, ಅಂದರೆ ಅಸೆಟಜೋಲಮೈಡ್, ಮೂತ್ರಪಿಂಡಗಳು ತಾವಾಗಿಯೇ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತದೆ: ಬೈಕಾರ್ಬನೇಟ್ ಹೊರದೂಡಿ ಉಸಿರಾಟಕ್ಕೆ ದಾರಿ ಬಿಡಿಸುತ್ತದೆ. ಹೀಗಾಗಿ ನೋವುಮಾತ್ರೆಯಂತೆ ಅದು ಕಾಯಿಲೆಯನ್ನು ಮುಚ್ಚಿಡುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ತಡೆಗಾಗಿ ವಯಸ್ಕರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರಲು ತೊಡಗುವ ಹಿಂದಿನ ದಿನದಿಂದ. ನಮ್ಮಲ್ಲಿ ಸಿಗುವ 250ರ ಮಾತ್ರೆಯಲ್ಲಿ ಅರ್ಧ. ಬೆರಳು, ತುಟಿ ಜುಮುಗುಟ್ಟುತ್ತವೆ, ಮೂತ್ರ ಹೆಚ್ಚುತ್ತದೆ, ಸೋಡಾದ ರುಚಿ ಕೆಡುತ್ತದೆ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಉಳಿದವರೂ ಊರಲ್ಲೇ ಒಂದೆರಡು ದಿನ ತೆಗೆದುಕೊಂಡು ನೋಡಿ ಹೋಗುವುದು ಮೇಲು. ಆದರೆ ಅದು ಎರಡನೇ ರಾತ್ರಿಗೆ ಬದಲಿಯಲ್ಲ. ಮಾತ್ರೆ ನುಂಗಿದ ಧೈರ್ಯದಲ್ಲಿ ದಿನ ಕಡಿತ ಮಾಡಿದವರು ಅದರಿಂದ ಸಿಕ್ಕ ರಕ್ಷಣೆಯನ್ನು ವೇಗಕ್ಕೆ ಖರ್ಚು ಮಾಡಿದಂತಾಗುತ್ತದೆ.

ರಕ್ತದೊತ್ತಡ ಹತೋಟಿಯಲ್ಲಿದ್ದರೆ ನಿಮ್ಮ ಗೆಳೆಯರು ಬರಲು ಅದೊಂದೇ ಅಡ್ಡಿಯಲ್ಲ. ಎತ್ತರದಲ್ಲಿ ಮೊದಲ ದಿನಗಳಲ್ಲಿ ಎಲ್ಲರ ಒತ್ತಡವೂ ಸ್ವಲ್ಪ ಏರುತ್ತದೆ. ‘ಬೆಟ್ಟದಲ್ಲಿ ಮಾತ್ರೆ ಬೇಡ’ ಎಂದು ತಾವೇ ನಿಲ್ಲಿಸಬಾರದು. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಡಯಮಾಕ್ಸ್ ಜೊತೆ ಸೇರಿ ನೀರು, ಪೊಟ್ಯಾಸಿಯಂ ಎರಡೂ ಕಡಿಮೆಯಾಗಬಹುದು, ಆದ್ದರಿಂದ ಹೊರಡುವ ತಿಂಗಳ ಮೊದಲೇ ತಮ್ಮ ವೈದ್ಯರಿಗೆ ಎರಡರ ಹೆಸರನ್ನೂ ಹೇಳಲಿ. ಹೃದಯದ ತೊಂದರೆಯ ಇತಿಹಾಸವೂ ಇದ್ದರೆ ಮಾತು ಬೇರೆ, ಅದನ್ನು ಪತ್ರದಲ್ಲಿ ತೀರ್ಮಾನಿಸಲಾಗದು.

ಉಳಿದದ್ದು ರಜೆಯ ಪ್ರಶ್ನೆ. ದಿನ ಉಳಿಸುವುದಿದ್ದರೆ ಇಳಿಯುವಾಗ ಉಳಿಸಿ, ಇಳಿಯುವುದಕ್ಕೆ 500 ಮೀಟರಿನ ಮಿತಿಯಿಲ್ಲ: ಗೋರಕ್‌ಶೆಪ್‌ನಿಂದ ಒಂದೇ ದಿನದಲ್ಲಿ ಪಾಂಗ್‌ಬೋಚೆಯವರೆಗೆ, ಅಲ್ಲಿಂದ ನಾಮ್ಚೆ ದಾಟಿ ಮೊಂಜೊಗೆ, ಮೂರನೇ ದಿನ ಲುಕ್ಲಾಗೆ ತಲುಪಬಹುದು. ಜೊತೆಗೆ ಲುಕ್ಲಾದ ವಿಮಾನಕ್ಕೆಂದೇ ಕೊನೆಯಲ್ಲಿ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ಮೋಡ ಕವಿದರೆ ಅಲ್ಲಿ ವಿಮಾನ ಹಾರುವುದಿಲ್ಲ, ಅಕ್ಟೋಬರ್‌ನ ದಟ್ಟಣೆಯಲ್ಲಿ ಹೆಚ್ಚಿನ ವಿಮಾನಗಳು ಕಠ್ಮಂಡುವಿನಿಂದಲ್ಲದೆ ನಾಲ್ಕೈದು ಗಂಟೆ ರಸ್ತೆಯ ಹಾದಿಯಾಚೆಯ ರಾಮೆಛಾಪ್‌ನಿಂದ ಹೊರಡುತ್ತವೆ. ಇಷ್ಟಕ್ಕೂ ರಜೆ ಸಾಲದಿದ್ದರೆ ಬೇಸ್ ಕ್ಯಾಂಪನ್ನು ಇನ್ನೊಂದು ವರ್ಷಕ್ಕಿಟ್ಟು, ನಾಮ್ಚೆಯಲ್ಲಿ ಎರಡು ರಾತ್ರಿ ಕಳೆದು ತೆಂಗ್‌ಬೋಚೆಯ ಬೌದ್ಧ ಮಠ, ಪಾಂಗ್‌ಬೋಚೆಯವರೆಗೆ ಹೋಗಿ ಹಿಂತಿರುಗಿ. ನಡಿಗೆ ವಾರದೊಳಗೆ ಮುಗಿಯುತ್ತದೆ, ಎವರೆಸ್ಟ್ ಶಿಖರವೂ ಬೇಸ್ ಕ್ಯಾಂಪಿಗಿಂತ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.